ಬಾತ್‌ರೂಮ್ ಸಾಮಾನು ನಾವೇ ತರಬೇಕಾ, ಪ್ಲಂಬರ್‌ಗೇ ಬಿಡಬೇಕಾ?

ಪ್ರಶ್ನೆ

ಮನೆಯ ಬಾತ್‌ರೂಮನ್ನು ಪೂರ್ತಿ ಬಿಚ್ಚಿ ಹೊಸದಾಗಿ ಮಾಡಿಸುತ್ತಿದ್ದೇವೆ. ಹಳೇ ಟೈಲ್ಸ್ ಕಿತ್ತಾಗಿದೆ, ಗೋಡೆಯಲ್ಲಿ ಈಗ ಇಟ್ಟಿಗೆ ಕಾಣುತ್ತಿದೆ. ಪ್ಲಂಬರ್ ಎರಡು ಲೆಕ್ಕ ಕೊಟ್ಟಿದ್ದಾರೆ. ಒಂದರಲ್ಲಿ ಕೂಲಿ ಮಾತ್ರ. ನಲ್ಲಿ, ಷವರ್, ಬೇಸಿನ್, ಕಮೋಡ್ ಎಲ್ಲ ನಾವೇ ತಂದುಕೊಡಬೇಕು. ಇನ್ನೊಂದರಲ್ಲಿ ಅವರೇ ಎಲ್ಲ ತಂದು, ಕೂರಿಸಿ, ನೀರು ಬಿಟ್ಟು ತೋರಿಸಿ ಕೊಡುತ್ತಾರೆ. ಈ ಎರಡನೇ ಲೆಕ್ಕದಲ್ಲಿ ಸಾಮಾನಿನ ಬಗ್ಗೆ ಇರುವುದು "ಒಳ್ಳೆ ಕ್ವಾಲಿಟಿ ಫಿಟ್ಟಿಂಗ್ಸ್" ಅನ್ನುವ ಒಂದೇ ಸಾಲು. ಕಂಪನಿ ಹೆಸರಿಲ್ಲ, ಮಾಡೆಲ್ ನಂಬರ್ ಇಲ್ಲ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಣ್ಣ ಹೇಳುವುದು, ಎಲ್ಲ ಒಬ್ಬರ ಕೈಯಲ್ಲೇ ಇರಲಿ, ನಾಳೆ ಏನಾದರೂ ಸೋರಿದರೆ ಅವರನ್ನೇ ಕೇಳಬಹುದು ಅಂತ. ನನಗೆ ನಾವೇ ಆರಿಸಬೇಕು ಅಂತ ಆಸೆ. ಅದಕ್ಕೆ ಕಾರಣ ಅಮ್ಮ. ಅವರ ಬೆರಳಿನ ಗಂಟುಗಳು ಊದಿವೆ. ಹಳೇ ಬಾತ್‌ರೂಮಿನ ದುಂಡು ಹಿಡಿಯ ನಲ್ಲಿಯನ್ನು ಎರಡೂ ಕೈ ಹಾಕಿ, ಸೀರೆ ಸೆರಗನ್ನು ಅದರ ಮೇಲೆ ಸುತ್ತಿಕೊಂಡು ತಿರುಗಿಸುತ್ತಿದ್ದರು. ಪೂರ್ತಿ ನಿಲ್ಲಿಸಲು ಆಗದೆ ಹನಿ ಬೀಳುತ್ತಲೇ ಇರುತ್ತಿತ್ತು. ಹೊಸದರಲ್ಲಿ ಆ ಕಷ್ಟ ಇರಬಾರದು. ಅವರ ಕೈಗೆ ಏನು ಒಗ್ಗುತ್ತದೆ ಅಂತ ಪ್ಲಂಬರ್‌ಗೆ ಗೊತ್ತಾಗುವುದು ಹೇಗೆ?

ಆದರೆ ನನಗೆ ಈ ಕೆಲಸದ ಒಳಗಿನ ವಿಷಯ ಗೊತ್ತಿಲ್ಲ. ಅಳತೆ ತಪ್ಪಿ ತಂದರೆ ಏನು ಗತಿ ಅನ್ನುವ ಭಯ ಇದೆ. ಮಾಡಿಸಿದವರು, ಮಾಡುವವರು, ದಯವಿಟ್ಟು ಹೇಳಿ.

ಉತ್ತರ 1

ನಾನು ಎಲ್ಲವನ್ನೂ ನಾನೇ ತಂದವನು. ಇನ್ನೊಮ್ಮೆ ಮಾಡಿಸಿದರೂ ನಾನೇ ತರುತ್ತೇನೆ, ಆದರೆ ಹೋದ ಸಲದ ಹಾಗೆ ಖಂಡಿತ ಅಲ್ಲ.

ಹೋದ ಸಲ ಅಂಗಡಿಗೆ ಹೋಗಿ ನೋಡಿ, ಇಷ್ಟವಾಗಿದ್ದನ್ನು ತಂದೆ. ಕಮೋಡ್ ಚೆನ್ನಾಗಿತ್ತು. ಮನೆಗೆ ಬಂದು ಡಬ್ಬಿ ಒಡೆದು, ನೆಲದಲ್ಲಿದ್ದ ಪೈಪಿನ ಮೇಲೆ ಇಟ್ಟು ನೋಡಿದರೆ ಕಮೋಡಿನ ಹಿಂಭಾಗಕ್ಕೂ ಗೋಡೆಗೂ ನಡುವೆ ಒಂದು ಗೇಣು ಜಾಗ ಉಳಿಯಿತು. ವಿಷಯ ಏನೆಂದರೆ, ನೆಲಕ್ಕೆ ಇಳಿಯುವ ಕಮೋಡ್, ಅಂದರೆ ಎಸ್ ಟ್ರ್ಯಾಪ್, ಅದರಲ್ಲಿ ಗೋಡೆಯಿಂದ ಪೈಪಿನ ಮಧ್ಯಕ್ಕೆ ಎಷ್ಟು ದೂರ ಇರಬೇಕು ಅನ್ನುವುದು ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. 100 ಮಿಲಿಮೀಟರಿನದೂ ಸಿಗುತ್ತದೆ, 300 ಮಿಲಿಮೀಟರಿನದೂ ಸಿಗುತ್ತದೆ. ನಮ್ಮ ನೆಲದಲ್ಲಿ ಪೈಪ್ ಇದ್ದದ್ದು 300ರ ಲೆಕ್ಕಕ್ಕೆ. ನಾನು ತಂದದ್ದು 100ರದ್ದು. ಅಂಗಡಿಯವರು ಡಬ್ಬಿ ಒಡೆದಿದ್ದೀರಿ, ವಾಪಸ್ ಆಗುವುದಿಲ್ಲ ಅಂದರು. ಕೊನೆಗೆ ನೆಲ ಅಗೆದು ಪೈಪನ್ನೇ ಜರುಗಿಸಬೇಕಾಯಿತು.

ನಿಮಗೆ ಒಂದು ಮಾತು ಒತ್ತಿ ಹೇಳುತ್ತೇನೆ. ನಿಮ್ಮ ಗೋಡೆ ಈಗ ಬರೀ ಇಟ್ಟಿಗೆ ಅಲ್ವಾ? ಅಳತೆಯನ್ನು ಇಟ್ಟಿಗೆಯಿಂದ ತೆಗೆಯಬೇಡಿ. ಮುಂದೆ ಬರುವ ಗಾರೆ, ಟೈಲ್ಸ್ ಹಚ್ಚುವ ಅಂಟು, ಟೈಲ್ಸ್ ಮೂರನ್ನೂ ಕೂಡಿಸಿ, ಮುಗಿದ ಗೋಡೆ ಎಲ್ಲಿಗೆ ಬರುತ್ತದೋ ಅಲ್ಲಿಂದ ಅಳೆಯಬೇಕು. ನೆಲಕ್ಕೂ ಇದೇ ಮಾತು.

ಬೇಸಿನ್‌ನಲ್ಲೂ ಎಡವಿದೆ. ನಾನು ತಂದ ಬೇಸಿನ್‌ಗೆ ಮೇಲೆ ಒಂದು ಸಣ್ಣ ತೂತು ಇತ್ತು, ನೀರು ತುಂಬಿ ಬಂದರೆ ಒಳಗೆ ಇಳಿದು ಹೋಗಲಿ ಅಂತ. ಅದಕ್ಕೆ ಕೆಳಗೆ ಹಾಕುವ ವೇಸ್ಟ್ ಕಪ್ಲಿಂಗ್, ಅಂದರೆ ಬೇಸಿನ್ ನೀರು ಹೊರಹೋಗುವ ತುಂಡು ಕೊಳವೆ, ಅದರ ಮೈಯಲ್ಲೂ ಸೀಳು ಇರಬೇಕು. ನಾನು ತಂದದ್ದು ಸೀಳಿಲ್ಲದ್ದು. ಮೇಲಿನ ತೂತಿಗೆ ಇಳಿದ ನೀರಿಗೆ ಹೋಗಲು ದಾರಿಯೇ ಇರಲಿಲ್ಲ. ಅಲ್ಲೇ ನಿಂತು ವಾಸನೆ ಬರಲು ಶುರುವಾದ ಮೇಲೆ ಗೊತ್ತಾಯಿತು.

ಇಷ್ಟೆಲ್ಲ ಆದರೂ ನಾನೇ ತರುತ್ತೇನೆ ಅನ್ನುವುದು ಯಾಕೆಂದರೆ, ದಿನಾ ಮುಟ್ಟುವ ವಸ್ತು ಅದು. ಬೇರೆಯವರ ಆಯ್ಕೆ ನನಗೆ ಬೇಡ. ಆದರೆ ಈ ಸಲ ಮೊದಲು ಪ್ಲಂಬರ್ ಜೊತೆ ಕೂತು ಪಟ್ಟಿ ಮಾಡುತ್ತೇನೆ, ಆಮೇಲೆ ಅಂಗಡಿ.

ಉತ್ತರ 2

ನಾನು ಇದೇ ಕೆಲಸ ಮಾಡುವವನು, ಇಪ್ಪತ್ತು ವರ್ಷದ ಮೇಲಾಯಿತು. ನಮ್ಮ ಕಡೆಯ ಮಾತೂ ಕೇಳಿ.

ಮೊದಲು ಇರುವುದನ್ನು ಇದ್ದ ಹಾಗೆ ಹೇಳುತ್ತೇನೆ. ಸಾಮಾನು ನಾವು ತಂದರೆ ಅದರಲ್ಲಿ ನಮಗೆ ಸ್ವಲ್ಪ ಉಳಿಯುತ್ತದೆ. ಅಂಗಡಿಯವರು ನಮಗೆ ಕೊಡುವ ದರ ಬೇರೆ, ನಿಮಗೆ ಕೊಡುವ ದರ ಬೇರೆ. ಇದನ್ನು ಮುಚ್ಚಿಡುವುದು ಯಾಕೆ? ಆದರೆ ಆ ಉಳಿತಾಯದಲ್ಲೇ ನಾವು ನಾಲ್ಕು ಸಲ ಅಂಗಡಿಗೆ ಓಡಾಡುತ್ತೇವೆ, ಒಡೆದು ಬಂದದ್ದನ್ನು ಬದಲಾಯಿಸಿ ತರುತ್ತೇವೆ, ಆರು ತಿಂಗಳಾದ ಮೇಲೆ ನೀವು ಫೋನ್ ಮಾಡಿದರೆ ಮತ್ತೆ ಬರುತ್ತೇವೆ. ಸಾಮಾನು ನೀವು ತಂದರೆ ನಾವು ಕೂಲಿಯನ್ನು ಸ್ವಲ್ಪ ಜಾಸ್ತಿ ಕೇಳುವುದು ಇದಕ್ಕೇ. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಲೆಕ್ಕ ಇದು: ಗೋಡೆಯ ಒಳಗೆ ಹೋಗುವುದು ನಮ್ಮದು, ಹೊರಗೆ ಕಾಣುವುದು ನಿಮ್ಮದು. ಪೈಪ್, ಅದನ್ನು ತಿರುಗಿಸುವ ಎಲ್ಬೋ, ಕವಲು ಮಾಡುವ ಟೀ, ಅಂಟು, ವಾಸನೆ ತಡೆಯುವ ಟ್ರ್ಯಾಪ್, ಜೊತೆಗೆ ಗೋಡೆಯಿಂದ ಹೊರಬಂದ ಪೈಪಿನ ಬಾಯಿಗೆ ಹಾಕುವ ಆಂಗಲ್ ವಾಲ್ವ್, ಇವೆಲ್ಲ ಯಾವ ಕಂಪನಿಯದು ಅಂತ ಒಪ್ಪಿಕೊಂಡು ನಾವೇ ತರುವುದು ಒಳ್ಳೆಯದು. ಯಾಕೆಂದರೆ ಗೋಡೆಯೊಳಗೆ ಸೋರಿದರೆ ಟೈಲ್ಸ್ ಒಡೆಯಬೇಕು. ಆಗ ಪ್ಲಂಬರ್ "ನೀವು ತಂದ ಪೈಪ್ ಸರಿ ಇರಲಿಲ್ಲ" ಅನ್ನುವುದು, ಮನೆಯವರು "ನೀವು ಹಾಕಿದ್ದು ಸರಿ ಇಲ್ಲ" ಅನ್ನುವುದು, ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆದ ಹಾಗೆ ಆಗುತ್ತದೆ. ನಲ್ಲಿ, ಷವರ್, ಬೇಸಿನ್, ಕಮೋಡ್, ಟವೆಲ್ ರಾಡ್ ನೀವು ಆರಿಸಿ. ನಿಮ್ಮ ತಾಯಿಯ ಕೈಗೆ ಏನು ಬೇಕು ಅಂತ ನಿಮಗೇ ಗೊತ್ತು.

ಈ ಎರಡರ ನಡುವೆ ಸಿಕ್ಕಿಕೊಳ್ಳುವ ಒಂದು ವಸ್ತು ಇದೆ, ಜಗಳ ಹುಟ್ಟುವುದೇ ಅಲ್ಲಿ. ಅದು ಗೋಡೆಯೊಳಗೆ ಕೂರುವ ಡೈವರ್ಟರ್. ಬಿಸಿನೀರು ತಣ್ಣೀರು ಬೆರೆಸಿ ಒಮ್ಮೆ ಷವರಿಗೆ, ಒಮ್ಮೆ ಕೆಳಗಿನ ನಲ್ಲಿಗೆ ಕಳಿಸುವುದು. ಇದರಲ್ಲಿ ಎರಡು ಭಾಗ. ಬಾಡಿ ಗೋಡೆಯೊಳಗೆ ಹೋಗುತ್ತದೆ, ಹಿಡಿ ಮತ್ತು ತಟ್ಟೆ ಹೊರಗೆ. ಒಂದು ಕಂಪನಿಯ ಬಾಡಿಗೆ ಇನ್ನೊಂದರ ಹಿಡಿ ಕೂರುವುದಿಲ್ಲ. ಒಂದೇ ಕಂಪನಿಯಲ್ಲೂ ಎಲ್ಲ ಮಾಡೆಲ್ ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ "ಸದ್ಯಕ್ಕೆ ಒಳಗಿನದ್ದು ಹಾಕಿ, ಹಿಡಿ ಆಮೇಲೆ ನೋಡೋಣ" ಅನ್ನುವ ಮಾತು ಬೇಡ. ಗೋಡೆ ಕೊರೆಯುವ ಮೊದಲೇ ಎರಡೂ ಭಾಗ ಆರಿಸಿ, ಬಾಡಿಯನ್ನು ನನ್ನ ಕೈಗೆ ಕೊಡಿ.

ಬಾಡಿಯ ಮೇಲೆ ಒಂದು ಪ್ಲಾಸ್ಟಿಕ್ ಟೋಪಿ ಇರುತ್ತದೆ. ಸಾಮಾನ್ಯವಾಗಿ ಅದರ ಮೇಲೆ ಎರಡು ಗೆರೆ, ಕನಿಷ್ಠ ಮತ್ತು ಗರಿಷ್ಠ. ಮುಗಿದ ಟೈಲ್ಸಿನ ಮುಖ ಈ ಎರಡು ಗೆರೆಗಳ ನಡುವೆ ಬರಬೇಕು. ಜಾಸ್ತಿ ಒಳಗೆ ಹೋದರೆ ಹಿಡಿ ಎಟುಕುವುದಿಲ್ಲ, ಜಾಸ್ತಿ ಹೊರಗೆ ಬಂದರೆ ತಟ್ಟೆ ಗೋಡೆಗೆ ಕೂರದೆ ನಡುವೆ ಸಂದು ಉಳಿಯುತ್ತದೆ. ಟೈಲ್ಸ್ ಯಾವುದು, ಎಷ್ಟು ದಪ್ಪ ಅನ್ನುವುದು ನನಗೆ ಮೊದಲೇ ಬೇಕು ಅಂತ ಕೇಳುವುದು ಇದಕ್ಕೆ. ಗೋಡೆ ಹೊರಗೇ ಕೂರುವ ಮಿಕ್ಸರ್ ಆದರೆ ಇಷ್ಟು ತಲೆನೋವಿಲ್ಲ. ಬಿಸಿ ಎಡಕ್ಕೆ, ತಣ್ಣೀರು ಬಲಕ್ಕೆ, ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 150 ಮಿಲಿಮೀಟರ್. ಸ್ವಲ್ಪ ಹೆಚ್ಚುಕಡಿಮೆ ಆದರೆ ಅದರ ಜೊತೆ ಬರುವ ಸೊಟ್ಟ ಕಾಲುಗಳನ್ನು ತಿರುಗಿಸಿ ಸರಿ ಮಾಡಬಹುದು.

ಸಾಮಾನು ಯಾರೇ ತರಲಿ, ಎರಡು ಕೆಲಸ ಬಿಡಬೇಡಿ. ಟೈಲ್ಸ್ ಹಚ್ಚುವ ಮೊದಲು ಪೈಪಿಗೆ ಪಂಪ್ ಹಾಕಿ ಒತ್ತಡ ಕೊಟ್ಟು, ಪಂಪಿನ ಮೇಲೆ ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯುತ್ತದಾ ಅಂತ ನಿಮ್ಮ ಕಣ್ಣಾರೆ ನೋಡಿ. ಇನ್ನೊಂದು, ಹೊಸ ನಲ್ಲಿ ಕೂರಿಸುವ ಮೊದಲು ಪೈಪಿನಿಂದ ಸುಮ್ನೆ ಬಕೆಟಿಗೆ ನೀರು ಬಿಡಿಸಿ. ಮೊದಲ ಬಕೆಟಿನ ತಳದಲ್ಲಿ ಏನು ಬರುತ್ತದೆ ನೋಡಿ. ಮರಳು, ಪೈಪ್ ಕೊಯ್ದಾಗ ಬಿದ್ದ ಪ್ಲಾಸ್ಟಿಕ್ ಸಿಪ್ಪೆ, ಜೋಡಣೆಗೆ ಸುತ್ತುವ ಟೇಪಿನ ದಾರದಂಥ ಚೂರು. ಇದೆಲ್ಲ ಹೊಸ ನಲ್ಲಿಯ ಒಳಗೆ ಹೋದರೆ ಒಳಗಿನ ಸೆರಾಮಿಕ್ ತಟ್ಟೆಗಳಿಗೆ ಗೀರು ಬೀಳುತ್ತದೆ, ಹನಿ ಶುರು. ಆಮೇಲೆ ನಲ್ಲಿಯೇ ಸರಿ ಇಲ್ಲ ಅಂತ ಬೈಯುತ್ತಾರೆ.

ಉತ್ತರ 3

ನಾವು ಎಲ್ಲವನ್ನೂ ಪ್ಲಂಬರ್‌ಗೇ ಬಿಟ್ಟವರು. ಅವರನ್ನು ನಂಬಿದ್ದೆವು, ಕೆಲಸವೂ ನೋಡಲು ಅಚ್ಚುಕಟ್ಟಾಗಿತ್ತು. ಒಂದು ವರ್ಷದ ಹೊತ್ತಿಗೆ ನಲ್ಲಿಯ ಬುಡದಲ್ಲಿ ಹೊಳಪು ಗುಳ್ಳೆ ಎದ್ದಿತು. ಉಗುರಿನಲ್ಲಿ ಕೆರೆದರೆ ಹಾಳೆಯ ಹಾಗೆ ಏಳುತ್ತಿತ್ತು, ಅಡಿಯಲ್ಲಿ ಮಂಕು ಬೂದು ಬಣ್ಣ. ಹಿತ್ತಾಳೆ ಆಗಿದ್ದರೆ ಹಳದಿ ಕಾಣಬೇಕಿತ್ತು. ಅದು ಸತುವಿನ ಮಿಶ್ರಲೋಹ ಅಂತ ರಿಪೇರಿಗೆ ಬಂದ ಇನ್ನೊಬ್ಬರು ಹೇಳಿದರು. ಆ ನಲ್ಲಿಯ ಮೇಲೆ ಯಾವ ಹೆಸರೂ ಇರಲಿಲ್ಲ. ನೀರು ಬಿಟ್ಟು ನಿಲ್ಲಿಸುವ ಒಳಗಿನ ಭಾಗ, ಕಾರ್ಟ್ರಿಜ್, ಬದಲಾಯಿಸೋಣ ಅಂದರೆ ಅದರ ಅಳತೆಯದು ಎಲ್ಲೂ ಸಿಗಲಿಲ್ಲ. ಬಿಲ್ ಕೇಳಲು ಹಳೇ ಪ್ಲಂಬರ್‌ಗೆ ಫೋನ್ ಮಾಡಿದೆ. ಎರಡು ಸಲ ನಾಳೆ ಅಂದರು, ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದರು.

ಷವರ್ ಮಾತ್ರ ಹೆಸರಿರುವ ಕಂಪನಿಯದೇ ಆಗಿತ್ತು. ಅದಕ್ಕೆ ವರ್ಷಗಳ ವಾರಂಟಿಯೂ ಇತ್ತು. ಆದರೆ ವಾರಂಟಿಗೆ ಬಿಲ್ ಬೇಕು, ಬಿಲ್ ನಮ್ಮ ಹತ್ತಿರ ಇರಲಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ. ಪ್ಲಂಬರ್‌ಗೆ ಬಿಡುವುದು ತಪ್ಪಲ್ಲ, "ಒಳ್ಳೆ ಕ್ವಾಲಿಟಿ" ಅನ್ನುವ ಸಾಲಿಗೆ ಬಿಡುವುದು ತಪ್ಪು. ಒಂದೊಂದು ವಸ್ತುವಿಗೂ ಕಂಪನಿ, ಮಾಡೆಲ್ ನಂಬರ್, ಬಣ್ಣ ಬರೆಸಿಕೊಳ್ಳಿ. ಬಿಲ್ ನಿಮ್ಮ ಹೆಸರಿನಲ್ಲೇ ಬರಲಿ. ಡಬ್ಬಿಗಳನ್ನು ನಿಮ್ಮ ಎದುರಿಗೇ ಒಡೆಯಲಿ. ಆಗ ಯಾರು ತಂದರೂ ಒಂದೇ.

ನೀವೇ ಆರಿಸುವುದಾದರೆ ಕೈಯಲ್ಲಿ ಹಿಡಿದು ತೂಕ ನೋಡಿ. ಒಂದೇ ಗಾತ್ರದ ಎರಡು ನಲ್ಲಿ ಹಿಡಿದರೆ ಟೊಳ್ಳು ಯಾವುದು ಅಂತ ಕೈಗೇ ಗೊತ್ತಾಗುತ್ತದೆ. ತೂಕ ಒಂದೇ ಸಾಕ್ಷಿ ಅಲ್ಲ, ಆದರೂ ಸುಳಿವು ಸಿಗುತ್ತದೆ. ಸ್ಟೀಲ್ ಸಾಮಾನಿಗೆ ಅಯಸ್ಕಾಂತ ಹಿಡಿದು ನೋಡಿ ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ನಂಬಿ ಕೂರಬೇಡಿ. ಒಳ್ಳೆಯ 304 ಸ್ಟೀಲಿಗೂ ಅಯಸ್ಕಾಂತ ಅಷ್ಟಾಗಿ ಅಂಟುವುದಿಲ್ಲ, ಅದಕ್ಕಿಂತ ಕಡಿಮೆ ದರ್ಜೆಯ 202ಕ್ಕೂ ಅಂಟುವುದಿಲ್ಲ. ಬಚ್ಚಲಲ್ಲಿ ಬೇಗ ತುಕ್ಕು ಹಿಡಿಯುವುದು ಈ ಎರಡನೆಯದ್ದು.

ಇನ್ನೊಂದು ಈಗ ನೆನಪಾಯಿತು. ಕೆಲಸ ಮುಗಿದ ಮೇಲೆ ಟೈಲ್ಸಿನ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಹಾಕಿ ತೊಳೆಯುತ್ತಾರಲ್ಲ, ಅದನ್ನು ನಲ್ಲಿ ಕೂರಿಸುವ ಮೊದಲೇ ಮುಗಿಸಲು ಹೇಳಿ. ಆಸಿಡ್ ತಾಗಿದರೆ, ಅದರ ಹೊಗೆ ತಾಗಿದರೂ ಸಾಕು, ಒಳ್ಳೆ ನಲ್ಲಿಯ ಹೊಳಪೂ ಕೆಡುತ್ತದೆ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಅಣ್ಣನಿಗೆ ಓದಿ ಹೇಳಿದೆ. ಒಳಗಿನದು ಅವರದು, ಹೊರಗಿನದು ನಮ್ಮದು ಅನ್ನುವುದು ಅವನಿಗೂ ಹಿಡಿಸಿತು.

ಎರಡು ವಿಷಯ ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. ಒಂದು, ನಲ್ಲಿ ನಾವು ತಂದು ಅವರು ಕೂರಿಸಿದ ಮೇಲೆ ಸೋರಿದರೆ ತಪ್ಪು ಯಾರದು ಅಂತ ತಿಳಿಯುವುದು ಹೇಗೆ? ಎರಡು, ಅಗಲವಾದ ಮಳೆ ಷವರ್ ಹಾಕಿಸಬೇಕು ಅಂತ ಮಕ್ಕಳ ಆಸೆ. ನಮಗೆ ಬರುವುದು ಮೇಲಿನ ಟ್ಯಾಂಕಿನ ನೀರು, ಪಂಪ್ ಇಲ್ಲ. ಅದು ಸಾಕಾಗುತ್ತದಾ?

ಉತ್ತರ 2

ಸೋರಿಕೆಗೆ ಹೇಳುತ್ತೇನೆ. ಎಲ್ಲಿಂದ ಸೋರುತ್ತಿದೆ ಅನ್ನುವುದೇ ಹೇಳಿಬಿಡುತ್ತದೆ. ನಲ್ಲಿಯ ಮೈಯನ್ನು ಪೂರ್ತಿ ಒರೆಸಿ ಒಣಗಿಸಿ. ಒಣ ಟಿಶ್ಯೂ ಪೇಪರ್ ಹರಿದು ಗೋಡೆಯ ಹತ್ತಿರದ ಜೋಡಣೆಗೆ ಒಂದು ಸುತ್ತು, ಹಿಡಿಯ ಬುಡಕ್ಕೆ ಒಂದು ಸುತ್ತು ಸುತ್ತಿ. ಅರ್ಧ ಗಂಟೆ ಬಿಟ್ಟು ನೋಡಿ, ಯಾವುದು ಮೊದಲು ಒದ್ದೆಯಾಯಿತು ಅಂತ. ಹಿಡಿಯ ಬುಡದಲ್ಲಿ ಒದ್ದೆಯಾದರೆ, ಅಥವಾ ನಿಲ್ಲಿಸಿದ ಮೇಲೂ ಬಾಯಿಂದ ಹನಿ ಬಿದ್ದರೆ, ಅದು ನಲ್ಲಿಯ ಒಳಗಿನ ದೋಷ, ಕಂಪನಿಯವರು ನೋಡಬೇಕು. ಆದರೆ ಪೈಪ್ ತೊಳೆಯದೆ ಕೂರಿಸಿ ಕಸ ಸಿಕ್ಕಿಕೊಂಡಿದ್ದರೆ ಅದು ನಮ್ಮ ತಪ್ಪು, ಅದಕ್ಕೇ ಆ ಬಕೆಟ್ ಮಾತು ಹೇಳಿದ್ದು. ಗೋಡೆಯ ಜೋಡಣೆಯಲ್ಲಿ, ಆಂಗಲ್ ವಾಲ್ವ್ ಬುಡದಲ್ಲಿ, ಬೇಸಿನ್ ಕೆಳಗಿನ ನಟ್‌ನಲ್ಲಿ ಒದ್ದೆಯಾದರೆ ಕೂರಿಸಿದ ಕೈಯದು. ನಾವು ಬಂದು ಸರಿ ಮಾಡಬೇಕು, ಅದಕ್ಕೆ ಬೇರೆ ಕೂಲಿ ಕೇಳಬಾರದು. ಇದನ್ನು ಕೆಲಸ ಶುರುವಾಗುವ ಮೊದಲೇ ನಾಲ್ಕು ಸಾಲು ಬರೆದುಕೊಂಡು ಇಬ್ಬರೂ ಒಪ್ಪಿಕೊಳ್ಳಿ. ಬಾಯಿಮಾತು ಇಬ್ಬರಿಗೂ ಒಳ್ಳೆಯದಲ್ಲ.

ಗಾರೆ ಹಾಕುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದಿಡಿ, ಪಕ್ಕದಲ್ಲಿ ಅಳತೆ ಟೇಪ್ ಬಿಡಿಸಿ ಹಿಡಿದು. ಮುಂದೆ ಕನ್ನಡಿ ಹಾಕಲು ಡ್ರಿಲ್ ಮಾಡುವಾಗ ಪೈಪ್ ಎಲ್ಲಿದೆ ಅಂತ ಆ ಫೋಟೋ ಹೇಳುತ್ತದೆ. ಹೊಸ ಬಾತ್‌ರೂಮಿನಲ್ಲಿ ಕನ್ನಡಿಯ ಮೊಳೆಗೆ ಪೈಪ್ ತೂತು ಬಿದ್ದದ್ದನ್ನು ನಾನು ಎಷ್ಟೋ ಸಲ ಸರಿ ಮಾಡಿದ್ದೇನೆ.

ಉತ್ತರ 4

ಷವರ್ ಬಗ್ಗೆ ನಾನು ಹೇಳುತ್ತೇನೆ, ನಮ್ಮದೂ ಟ್ಯಾಂಕಿನ ನೀರೇ.

10 ಮೀಟರ್ ಎತ್ತರದ ನೀರು ಅಂದರೆ ಹೆಚ್ಚುಕಡಿಮೆ 1 ಬಾರ್ ಒತ್ತಡ. ಟ್ಯಾಂಕಿನ ನೀರಿನ ಮಟ್ಟದಿಂದ ಷವರಿನ ತಲೆಗೆ ನೇರ ಎತ್ತರ ಎಷ್ಟು ಅಂತ ಅಳೆಯಿರಿ. 3 ಮೀಟರ್ ಇದ್ದರೆ ನಿಮಗೆ ಸಿಗುವುದು 0.3 ಬಾರ್. ಪೈಪಿನ ತಿರುವುಗಳಲ್ಲಿ ಅದೂ ಸ್ವಲ್ಪ ಕಳೆಯುತ್ತದೆ. ಷವರಿನ, ಡೈವರ್ಟರಿನ ಡಬ್ಬಿಯೊಳಗಿನ ಹಾಳೆಯಲ್ಲಿ ಕನಿಷ್ಠ ಇಷ್ಟು ಬಾರ್ ಬೇಕು ಅಂತ ಬರೆದಿರುತ್ತಾರೆ. ಅರ್ಧ ಬಾರ್, ಒಂದು ಬಾರ್ ಕೇಳುವ ಮಾಡೆಲ್‌ಗಳು ಬೇಕಾದಷ್ಟಿವೆ. ಅಂಥದ್ದನ್ನು ತಂದರೆ ಮಳೆ ಬರುವುದಿಲ್ಲ, ತಟ್ಟೆಯ ನಡುವಿನಿಂದ ಒಂದು ಧಾರೆ ಇಳಿಯುತ್ತದೆ ಅಷ್ಟೇ. ಅಂಗಡಿಯ ಗೋಡೆಯಲ್ಲಿ ಹಾಕಿ ತೋರಿಸುವ ಷವರಿಗೆ ಹಿಂದೆ ಪಂಪ್ ಇರಬಹುದು, ಅದನ್ನು ಕೇಳಿ ತಿಳಿದುಕೊಳ್ಳಿ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದಿದೆ. ಷವರಿಗೆ ಹೋಗುವ ಪೈಪನ್ನು ಷವರ್ ಎತ್ತರದಲ್ಲೇ ತೆರೆದು, 10 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಒಂದು ನಿಮಿಷ ಹಿಡಿದರೆ ನಿಮಿಷಕ್ಕೆ 10 ಲೀಟರ್. ನೀವು ನೋಡಿಟ್ಟ ಷವರ್ ನಿಮಿಷಕ್ಕೆ ಎಷ್ಟು ಕೇಳುತ್ತದೆ ಅನ್ನುವುದರ ಜೊತೆ ಹೋಲಿಸಿ. ಕಡಿಮೆ ಇದ್ದರೆ ಚಿಕ್ಕ ತಲೆಯ ಷವರ್ ತನ್ನಿ, ಇಲ್ಲವೇ ಒತ್ತಡದ ಪಂಪ್ ಹಾಕಿಸಿ. ಪಂಪ್ ಹಾಕಿಸುವುದಾದರೆ ಅದನ್ನೂ ಪ್ಲಂಬರ್‌ಗೆ ಈಗಲೇ ಹೇಳಿ, ಯಾಕೆಂದರೆ ಪೈಪಿನ ಗಾತ್ರ, ವೈರಿಂಗ್ ಎಲ್ಲ ಗೋಡೆ ತೆರೆದಿರುವಾಗಲೇ ಆಗಬೇಕು.

ನಿಮ್ಮ ಅಮ್ಮನ ವಿಷಯ ಓದಿ ನನ್ನ ಅತ್ತೆಯ ನೆನಪಾಯಿತು. ಅವರಿಗೆ ಒಂದೇ ಹಿಡಿಯ ಮಿಕ್ಸರ್ ಹಾಕಿಸಿದೆವು, ಮೇಲೆತ್ತಿದರೆ ನೀರು, ಪಕ್ಕಕ್ಕೆ ಸರಿಸಿದರೆ ಬಿಸಿ. ಮುಂಗೈಯಲ್ಲಿ ತಳ್ಳಿದರೂ ಸಾಕು, ಬೆರಳು ಮಡಚುವ ಕೆಲಸವೇ ಇಲ್ಲ. ಉದ್ದನೆಯ, ತುದಿ ಸ್ವಲ್ಪ ಅಗಲ ಇರುವ ಹಿಡಿ ನೋಡಿ. ತೆಳ್ಳಗೆ ಕಡ್ಡಿಯ ಹಾಗೆ ಇರುವುದು ಚೆಂದ ಕಾಣುತ್ತದೆ, ಆದರೆ ಸೋಪು ಹಚ್ಚಿದ ಕೈಗೆ ಜಾರುತ್ತದೆ. ದಯವಿಟ್ಟು ಅಮ್ಮನನ್ನೂ ಅಂಗಡಿಗೆ ಕರೆದುಕೊಂಡು ಹೋಗಿ. ಒಂದು ಸೀಸೆಯಲ್ಲಿ ಸೋಪು ನೀರು ಒಯ್ಯಿರಿ, ಕೈ ಒದ್ದೆ ಮಾಡಿಕೊಂಡು ಹಿಡಿ ಎತ್ತಿ ಇಳಿಸಿ ನೋಡಲಿ. ಅಂಗಡಿಯವರು ಏನೂ ಅನ್ನುವುದಿಲ್ಲ. ಜೊತೆಗೆ ಕಮೋಡ್ ಪಕ್ಕ, ಷವರ್ ಪಕ್ಕ ಹಿಡಿದು ಏಳುವ ಕಂಬಿ ಹಾಕಿಸುವುದಾದರೆ ಅದಕ್ಕೂ ಜಾಗ ಈಗಲೇ ಗುರುತು ಮಾಡಿಸಿ. ಗಟ್ಟಿ ಇಟ್ಟಿಗೆಗೆ ಕಚ್ಚಿಕೊಳ್ಳಬೇಕು, ಬರೀ ಟೈಲ್ಸಿಗೆ ಅಲ್ಲ.

ಪ್ರಶ್ನೆ ಕೇಳಿದವರು

ನಿನ್ನೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸೋಪು ನೀರೂ ಒಯ್ದಿದ್ದೆ. ಏಳೆಂಟು ಹಿಡಿಗಳನ್ನು ಎತ್ತಿ ಇಳಿಸಿ ನೋಡಿದರು. ನಾನು ಮೆಚ್ಚಿದ್ದು ಅವರಿಗೆ ಬೇಡವಾಯಿತು. ಕೊನೆಗೆ ಒಂದನ್ನು ಮಣಿಕಟ್ಟಿನಿಂದಲೇ ತಳ್ಳಿ ನಿಲ್ಲಿಸಿ, "ಇದು ಸಾಕು ನೋಡು" ಅಂದರು. ಅದೇ ಸಾಲಿನ ಡೈವರ್ಟರ್, ಬಾಡಿ ಮತ್ತು ಹಿಡಿ ಎರಡೂ, ಒಟ್ಟಿಗೆ ಹೇಳಿ ಬಂದಿದ್ದೇನೆ. ಬಿಲ್ ನಮ್ಮ ಹೆಸರಿನಲ್ಲಿ.

ಬಕೆಟ್ ಪರೀಕ್ಷೆ ಮಾಡಿದೆವು, ತುಂಬಲು ಒಂದೂವರೆ ನಿಮಿಷ ಹಿಡಿಯಿತು. ಮಕ್ಕಳಿಗೆ ಸ್ವಲ್ಪ ಬೇಸರ ಆಯಿತು, ಆದರೆ ಚಿಕ್ಕ ಷವರ್‌ಗೆ ಒಪ್ಪಿದ್ದಾರೆ. ಪ್ಲಂಬರ್ ಜೊತೆ ಕೂತು ಪಟ್ಟಿ ಬರೆದೆವು. ಪೈಪ್, ವಾಲ್ವ್, ಟ್ರ್ಯಾಪ್ ಅವರದು, ಕಂಪನಿ ಹೆಸರು ಸಮೇತ. ಕಮೋಡ್ ಮಾತ್ರ ಇನ್ನೂ ತಂದಿಲ್ಲ. ಮುಗಿದ ಗೋಡೆಯ ಲೆಕ್ಕದಲ್ಲಿ ಅವರೇ ಅಳತೆ ಬರೆದುಕೊಡುತ್ತೇನೆ ಅಂದಿದ್ದಾರೆ. ಸೋಮವಾರ ಗೋಡೆ ಕೊರೆಯುತ್ತಾರೆ.

ಉತ್ತರ 2

ಸರಿಯಾಗಿ ಮಾಡಿದ್ದೀರಿ. ಬಾಡಿ ಬಂದ ಮೇಲೆ ಆ ಪ್ಲಾಸ್ಟಿಕ್ ಟೋಪಿಯನ್ನು ಯಾರೂ ತೆಗೆಯದ ಹಾಗೆ ನೋಡಿಕೊಳ್ಳಿ. ಟೈಲ್ಸ್ ಹಚ್ಚುವವರು ಅಡ್ಡ ಬರುತ್ತದೆ ಅಂತ ಕಿತ್ತು ಎಸೆಯುತ್ತಾರೆ, ಒಳಗೆ ಸಿಮೆಂಟ್ ಬೀಳುತ್ತದೆ. ಹಿಡಿ, ತಟ್ಟೆ, ಡಬ್ಬಿಯೊಳಗಿನ ಹಾಳೆ, ಸಣ್ಣ ಅಲೆನ್ ಕೀ ಎಲ್ಲ ಒಂದೇ ಚೀಲದಲ್ಲಿ ಕಟ್ಟಿ ಬೀರುವಿನಲ್ಲಿ ಇಟ್ಟುಬಿಡಿ. ಟೈಲ್ಸ್ ಮುಗಿದು, ಆಸಿಡ್ ತೊಳೆದು, ಪೈಪಿನಿಂದ ಬಕೆಟಿಗೆ ಚೊಕ್ಕ ನೀರು ಬಂದ ದಿನ ತೆಗೆದುಕೊಡಿ.